ಬುದ್ಧಿವಂತ ಡೈನೋಸಾರ್‌ಗಳ ಪರ್ಯಾಯ ಇತಿಹಾಸ ಕಥೆಗಳಲ್ಲಿ ಹೆಣ್ಣು–ಗಂಡಿನ ಪಾತ್ರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇವು ಯಾವ ಬಗೆಯ ಕಥೆಗಳು? ಇವುಗಳಲ್ಲಿ ಲಿಂಗಪಾತ್ರದ ಪ್ರಶ್ನೆ ಏಕೆ ಮುಖ್ಯ?

ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಹತ್ತು ಕಿಲೋಮೀಟರ್ ಆಸುಪಾಸಿನ ಅಗಲದ ಕ್ಷುದ್ರಗ್ರಹವೊಂದು ಇಂದಿನ ಮೆಕ್ಸಿಕೊದ ಯುಕಟಾನ್ ಪ್ರದೇಶಕ್ಕೆ ಅಪ್ಪಳಿಸಿತು. ಹಕ್ಕಿಗಳ ಕುಲವೊಂದನ್ನು ಬಿಟ್ಟು ಉಳಿದ ಡೈನೋಸಾರ್‌ಗಳೆಲ್ಲ ಆ ಕಾಲದಲ್ಲಿ ಅಳಿದುಹೋದವು. ಆ ಬಂಡೆ ಭೂಮಿಯನ್ನು ತಪ್ಪಿಸಿಕೊಂಡು ಹೋಗಿದ್ದರೆ, ಉಳಿದುಕೊಂಡ ಯಾವುದೋ ಒಂದು ಡೈನೋಸಾರ್ ಕುಲ ಮಾತು, ಉಪಕರಣ ಮತ್ತು ನಗರಗಳ ಮಟ್ಟಕ್ಕೆ ಬೆಳೆದಿದ್ದರೆ ಏನಾಗುತ್ತಿತ್ತು ಎಂದು ಕಲ್ಪಿಸುವ ಕಥೆಗಳು ಇವು.

ಇಂಥ ಕಥೆ ಬರೆಯುವವರು ಸಾಮಾನ್ಯವಾಗಿ ದೇಹ, ಆಯುಧ, ವಾಸ್ತುಶಿಲ್ಪಗಳ ಬಗ್ಗೆ ತುಂಬಾ ಯೋಚಿಸುತ್ತಾರೆ. ಆದರೆ ಮನೆಯೊಳಗೆ ಕಾಲಿಟ್ಟ ಕೂಡಲೇ ಗಂಡು ಯೋಧನಾಗಿ ಹೊರಗೆ ಹೋಗುತ್ತದೆ, ಹೆಣ್ಣು ಮರಿಗಳೊಡನೆ ಒಳಗೆ ಉಳಿಯುತ್ತದೆ. ಕೋಟ್ಯಂತರ ವರ್ಷಗಳ ಇತಿಹಾಸವನ್ನೇ ಬದಲಿಸಿದ ಲೇಖಕರು ಮನುಷ್ಯರ ಕುಟುಂಬವನ್ನು ಮಾತ್ರ ಬದಲಿಸದೆ ಅಲ್ಲಿಗೆ ಸಾಗಿಸಿದರೆ, ಆ ಲೋಕದ ಅತ್ಯಂತ ಆಸಕ್ತಿಕರ ಭಾಗವೇ ಕೈತಪ್ಪಿ ಹೋಗುತ್ತದೆ. ಸಮಾಜದಲ್ಲಿ ಯಾರ ಕೆಲಸ ಯಾವುದು ಎಂಬುದು ಬಹುಮಟ್ಟಿಗೆ ಮರಿಗಳನ್ನು ಯಾರು, ಎಷ್ಟು ಕಾಲ, ಹೇಗೆ ಸಾಕುತ್ತಾರೆ ಎಂಬುದಕ್ಕೆ ತಳಕು ಹಾಕಿಕೊಂಡಿರುತ್ತದೆ. ಮೊಟ್ಟೆಯಿಡುವ ಜೀವಿಗಳಲ್ಲಿ ಈ ಲೆಕ್ಕಾಚಾರ ಬುಡದಿಂದಲೇ ಬೇರೆ.

ಡೈನೋಸಾರ್‌ಗಳಲ್ಲಿ ಮರಿಗಳ ಪಾಲನೆ ಯಾರದಾಗಿತ್ತು ಎಂದು ಪಳೆಯುಳಿಕೆಗಳಿಂದ ತಿಳಿಯಬಹುದೇ?

ಸ್ವಲ್ಪಮಟ್ಟಿಗೆ ತಿಳಿಯಬಹುದು, ಮತ್ತು ತಿಳಿದುಬಂದಿರುವುದು ಕಥೆಗಾರರಿಗೆ ದೊಡ್ಡ ಕೊಡುಗೆಯೇ ಸರಿ. 1920ರ ದಶಕದಲ್ಲಿ ಗೋಬಿ ಮರುಭೂಮಿಯಲ್ಲಿ ಮೊಟ್ಟೆಗಳ ಮೇಲೆ ಸಿಕ್ಕ ಒಂದು ಡೈನೋಸಾರ್‌ಗೆ, ಅದು ಬೇರೊಂದು ಪ್ರಾಣಿಯ ಗೂಡನ್ನು ದೋಚಲು ಬಂದಿತ್ತೆಂಬ ಊಹೆಯಿಂದ, ಮೊಟ್ಟೆಗಳ್ಳ ಎಂಬ ಅರ್ಥದ ಓವಿರಾಪ್ಟರ್ ಎಂಬ ಹೆಸರನ್ನಿಟ್ಟರು. 1990ರ ದಶಕದಲ್ಲಿ ಅದೇ ಮರುಭೂಮಿಯಲ್ಲಿ ಸಿಕ್ಕ ಭ್ರೂಣ, ಅಂಥ ಮೊಟ್ಟೆಗಳು ಓವಿರಾಪ್ಟರ್ ಬಳಗದವೇ ಎಂದು ತೋರಿಸಿತು. ಗೂಡಿನ ಮೇಲೆ ಮುಂಗಾಲು ಚಾಚಿ ಹಕ್ಕಿಯಂತೆ ಕಾವು ಕೂತ ಭಂಗಿಯಲ್ಲೇ ಸತ್ತ, ಅದೇ ಬಳಗದ ಸಿಟಿಪಾಟಿ ಎಂಬ ಡೈನೋಸಾರ್‌ಗಳೂ ಸಿಕ್ಕವು. ಕಳ್ಳನೆಂದು ಕರೆಸಿಕೊಂಡ ಪ್ರಾಣಿ ಪಾಲಕನಾಗಿತ್ತು.

ಆ ಪಾಲಕ ತಾಯಿಯೋ ತಂದೆಯೋ ಎಂಬುದು ಮುಂದಿನ ಪ್ರಶ್ನೆ. ಮೊಟ್ಟೆಯಿಡುವ ಅವಧಿಯಲ್ಲಿ ಹೆಣ್ಣು ಹಕ್ಕಿಗಳ ಮೂಳೆಯ ಪೊಳ್ಳಿನೊಳಗೆ, ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಕೂಡಿಡುವ ವಿಶೇಷ ಪದರವೊಂದು ತಾತ್ಕಾಲಿಕವಾಗಿ ಬೆಳೆಯುತ್ತದೆ. ಗೂಡಿನ ಮೇಲೆ ಸಿಕ್ಕ ಟ್ರೂಡಾನ್ (ದೇಹಕ್ಕೆ ಹೋಲಿಸಿದರೆ ದೊಡ್ಡ ಮೆದುಳಿದ್ದ ಚಿಕ್ಕ ಡೈನೋಸಾರ್) ಮತ್ತು ಓವಿರಾಪ್ಟರ್ ಬಳಗದ ಪ್ರಾಣಿಗಳ ಮೂಳೆಗಳಲ್ಲಿ ಅಂಥ ಪದರ ಕಾಣಲಿಲ್ಲ, ದೇಹದ ಗಾತ್ರಕ್ಕೆ ಹೋಲಿಸಿದರೆ ಮೊಟ್ಟೆಗಳ ರಾಶಿಯೂ ಬಹಳ ದೊಡ್ಡದಾಗಿತ್ತು. ತಂದೆಯೇ ಕಾವು ಕೂರುವ ಇಂದಿನ ಹಕ್ಕಿಗಳಲ್ಲಿಯೂ ಇದೇ ಬಗೆಯ ಪ್ರಮಾಣ ಕಂಡುಬರುವುದರಿಂದ, ಈ ಡೈನೋಸಾರ್‌ಗಳಲ್ಲಿಯೂ ಕಾವು ತಂದೆಯ ಹೊಣೆಯಾಗಿತ್ತು ಎಂದು 2008ರಲ್ಲಿ ಒಂದು ಸಂಶೋಧಕ ತಂಡ ವಾದಿಸಿತು. ಗಾತ್ರದ ಲೆಕ್ಕವನ್ನು ಬೇರೆ ವಿಜ್ಞಾನಿಗಳು ಪ್ರಶ್ನಿಸಿದ್ದಾರೆ, ಚರ್ಚೆ ಮುಗಿದಿಲ್ಲ. ಆದರೂ ಬುದ್ಧಿವಂತಿಕೆಯತ್ತ ಬೆಳೆಯಬಹುದಾಗಿದ್ದ ಕುಲವೆಂದು ಕಥೆಗಾರರು ಹೆಚ್ಚಾಗಿ ಆರಿಸಿಕೊಳ್ಳುವುದು ಟ್ರೂಡಾನ್ ಬಳಗವನ್ನೇ ಆದ್ದರಿಂದ, ಈ ಸಾಧ್ಯತೆಯನ್ನು ಪರಿಗಣಿಸದೆ ಮುಂದೆ ಹೋಗುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ಎಲ್ಲ ಡೈನೋಸಾರ್‌ಗಳೂ ಒಂದೇ ಬಗೆಯವಾಗಿರಲಿಲ್ಲ ಎಂಬುದನ್ನೂ ನೆನಪಿಡಬೇಕು. 1979ರಲ್ಲಿ ಹೆಸರು ಪಡೆದ ಮಾಯಾಸೋರಾ, ಗೂಡಿನಲ್ಲಿ ಬೆಳೆಯುತ್ತಿದ್ದ ಮರಿಗಳ ಪಳೆಯುಳಿಕೆಗಳಿಂದಾಗಿ ಒಳ್ಳೆಯ ತಾಯಿ ಎನಿಸಿಕೊಂಡಿತು. ಅಲ್ಲಿ ಪಾಲನೆ ನಡೆದಿರಬಹುದೆಂಬುದಕ್ಕೆ ಕುರುಹುಗಳಿದ್ದವೇ ಹೊರತು, ಪಾಲಿಸಿದ್ದು ತಾಯಿಯೇ ಎಂಬುದಕ್ಕೆ ಪ್ರತ್ಯೇಕ ಸಾಕ್ಷ್ಯವಿರಲಿಲ್ಲ. ಇನ್ನೊಂದೆಡೆ, ಅರ್ಜೆಂಟೀನಾದ ಔಕಾ ಮಹುವೆವೊದಲ್ಲಿ ಸಿಕ್ಕ ಸೌರೋಪಾಡ್ ಎಂಬ ಉದ್ದ ಕತ್ತಿನ ಬೃಹತ್ ಡೈನೋಸಾರ್‌ಗಳ ಸಾವಿರಾರು ಮೊಟ್ಟೆಗಳು, ಇಟ್ಟು ಬಿಟ್ಟುಹೋಗುವ ಪದ್ಧತಿಯನ್ನು ಸೂಚಿಸುತ್ತವೆ. ಹಾಗಾಗಿ ಕಥೆಗೆ ಯಾವ ಕುಲವನ್ನು ಆರಿಸಿಕೊಳ್ಳುತ್ತೀರೋ ಅದರೊಂದಿಗೆ ಒಂದು ಕುಟುಂಬಪದ್ಧತಿಯೂ ಬರುತ್ತದೆ.

ಹಾಲೂಡಿಸುವುದಿಲ್ಲ ಎಂಬ ಒಂದು ಸಂಗತಿಯಿಂದ ಸಮಾಜ ಎಷ್ಟರಮಟ್ಟಿಗೆ ಬದಲಾಗುತ್ತದೆ?

ಬಹಳ. ಸಸ್ತನಿಗಳಲ್ಲಿ ಗರ್ಭ ಮತ್ತು ಹಾಲು ಎರಡೂ ತಾಯಿಯ ದೇಹಕ್ಕೆ ಅಂಟಿಕೊಂಡಿವೆ, ತಂದೆ ಬಯಸಿದರೂ ಆ ಪಾಲನ್ನು ಹೊರಲಾರ. ಮೊಟ್ಟೆಯಿಡುವ ಪ್ರಾಣಿಯಲ್ಲಿ ತಾಯಿಯ ದೈಹಿಕ ವೆಚ್ಚ ಹಳದಿ ಮತ್ತು ಚಿಪ್ಪು ತಯಾರಿಸುವಲ್ಲಿ ಮೊದಲೇ ಮುಗಿದುಹೋಗುತ್ತದೆ. ಅಲ್ಲಿಂದ ಮುಂದೆ ಮೊಟ್ಟೆಗೆ ಬೇಕಾದದ್ದು ಶಾಖ ಮತ್ತು ಕಾವಲು, ಮರಿಗೆ ಬೇಕಾದದ್ದು ಆಹಾರ ಮತ್ತು ಕಲಿಕೆ. ಇವನ್ನು ತಾಯಿ, ತಂದೆ, ಅಕ್ಕ, ಅಣ್ಣ, ಸಂಬಂಧವೇ ಇಲ್ಲದ ನೆರೆಯವರು, ಕೊನೆಗೆ ಕೂಲಿಗೆ ನಿಂತವರು ಕೂಡ ಒದಗಿಸಬಹುದು. ಪಾರಿವಾಳಗಳಂತೂ ಗಂಟಲ ಚೀಲದಲ್ಲಿ ಹಾಲಿನಂಥ ಪೌಷ್ಟಿಕ ದ್ರವವನ್ನು ತಯಾರಿಸಿ ಮರಿಗಳಿಗೆ ಉಣಿಸುತ್ತವೆ, ಗಂಡೂ ಹೆಣ್ಣೂ ಸಮನಾಗಿ.

ಇದರಿಂದ ಪಾಲನೆಯ ಶ್ರಮ ಇಲ್ಲವಾಗುವುದಿಲ್ಲ, ಅದು ಹಂಚಿಕೊಳ್ಳಬಹುದಾದ ಶ್ರಮವಾಗುತ್ತದೆ. ಹಂಚಿಕೊಳ್ಳಬಹುದಾದದ್ದೆಲ್ಲ ಸಮಾಜದಲ್ಲಿ ಚೌಕಾಸಿಯ, ಒಪ್ಪಂದದ, ಜಗಳದ ಮತ್ತು ಕಾನೂನಿನ ವಸ್ತುವಾಗುತ್ತದೆ. ಡೈನೋಸಾರ್ ಭ್ರೂಣಗಳ ಹಲ್ಲುಗಳಲ್ಲಿನ ದೈನಂದಿನ ಬೆಳವಣಿಗೆಯ ಗೆರೆಗಳನ್ನು ಎಣಿಸಿದ ವಿಜ್ಞಾನಿಗಳು, ಪ್ರೋಟೋಸೆರಾಟಾಪ್ಸ್ ಮೊಟ್ಟೆ ಒಡೆಯಲು ಸುಮಾರು ಮೂರು ತಿಂಗಳು, ದೊಡ್ಡ ಗಾತ್ರದ ಹೈಪಕ್ರೊಸಾರಸ್ ಮೊಟ್ಟೆಗೆ ಸುಮಾರು ಆರು ತಿಂಗಳು ಹಿಡಿದಿರಬೇಕೆಂದು 2017ರಲ್ಲಿ ಪ್ರಕಟಿಸಿದರು. ಅಷ್ಟು ದೀರ್ಘ ಕಾಲ ಗೂಡನ್ನು ಬಿಟ್ಟು ಕದಲಲಾಗದ ವ್ಯಕ್ತಿಯ ಹೊಟ್ಟೆಪಾಡನ್ನು ಯಾರು ನೋಡಿಕೊಳ್ಳುತ್ತಾರೆ? ಆ ಅವಧಿಯಲ್ಲಿ ಅವರ ಹೊಲ, ಹುದ್ದೆ, ಮತದಾನದ ಹಕ್ಕು ಏನಾಗುತ್ತದೆ? ಯುದ್ಧ ಬಂದರೆ ಕಾವಿನಲ್ಲಿರುವವರಿಗೆ ವಿನಾಯಿತಿ ಇದೆಯೇ, ವಿನಾಯಿತಿಗಾಗಿಯೇ ಕಾವು ಕೂರುವವರೂ ಇದ್ದಾರೆಯೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದರೆ ಒಂದು ಇಡೀ ಸಂವಿಧಾನವೇ ಹುಟ್ಟಬಹುದು.

ಬುದ್ಧಿಶಕ್ತಿಯೂ ಈ ಲೆಕ್ಕದೊಳಗೆ ಬರುತ್ತದೆ. ಕೋಳಿಮರಿಯಂತೆ ಹುಟ್ಟಿದ ದಿನವೇ ಓಡಾಡುವ ಹಕ್ಕಿಗಳಿಗಿಂತ, ಕಾಗೆ ಮತ್ತು ಗಿಳಿಗಳಂತೆ ಅಸಹಾಯಕವಾಗಿ ಹುಟ್ಟಿ ಗೂಡಿನಲ್ಲೇ ಬೆಳೆಯುವ ಹಕ್ಕಿಗಳಲ್ಲಿ ದೇಹಕ್ಕೆ ಹೋಲಿಸಿದರೆ ದೊಡ್ಡ ಮೆದುಳು ಹೆಚ್ಚಾಗಿ ಕಂಡುಬರುತ್ತದೆ. ಭಾಷೆಯುಳ್ಳ ಡೈನೋಸಾರ್‌ಗೆ ದೀರ್ಘ ಬಾಲ್ಯ ಬೇಕಾದೀತು, ದೀರ್ಘ ಬಾಲ್ಯಕ್ಕೆ ಹಲವು ಪಾಲಕರು ಬೇಕಾದಾರು. ಆದ್ದರಿಂದ ಹೆಣ್ಣು ಮೊಟ್ಟೆಯಿಟ್ಟು ಸ್ವತಂತ್ರಳಾಗಿ ಹೊರಟುಬಿಡುತ್ತಾಳೆ ಎಂಬಷ್ಟಕ್ಕೇ ನಿಲ್ಲುವ ಕಥೆಗಿಂತ, ಆ ಬಾಲ್ಯದ ಹತ್ತಾರು ವರ್ಷಗಳನ್ನು ಯಾರು ಹೊತ್ತರು ಎಂದು ಕೇಳುವ ಕಥೆ ಹೆಚ್ಚು ನಂಬಲರ್ಹವಾಗಿರುತ್ತದೆ.

ಹಾಗಾದರೆ ಮಾತೃಪ್ರಧಾನ ಸಮಾಜವನ್ನು ಚಿತ್ರಿಸಿದರೆ ಸಾಕಲ್ಲವೇ?

ಈ ದಾರಿಯಲ್ಲಿ ಅತ್ಯಂತ ಪ್ರಸಿದ್ಧವಾದ ಕೃತಿ ಹ್ಯಾರಿ ಹ್ಯಾರಿಸನ್ ಅವರ ‘ವೆಸ್ಟ್ ಆಫ್ ಈಡನ್’. 1984ರಲ್ಲಿ ಪ್ರಕಟವಾದ ಅದರಲ್ಲಿ ಕ್ಷುದ್ರಗ್ರಹ ಅಪ್ಪಳಿಸುವುದಿಲ್ಲ, ಬುದ್ಧಿವಂತ ಸರೀಸೃಪಗಳ ನಗರಗಳನ್ನು ಹೆಣ್ಣುಗಳು ಆಳುತ್ತವೆ, ಮೊಟ್ಟೆಗಳನ್ನು ಹೊರುವ ಗಂಡುಗಳನ್ನು ಪ್ರತ್ಯೇಕ ಆವರಣದಲ್ಲಿ ಕೂಡಿಡಲಾಗುತ್ತದೆ ಮತ್ತು ಆ ಹೊಣೆ ಗಂಡಿನ ಪ್ರಾಣಕ್ಕೇ ಅಪಾಯ ತರುತ್ತದೆ. ಕಟ್ಟುನಿಟ್ಟಾಗಿ ಹೇಳುವುದಾದರೆ ಆ ಜೀವಿಗಳ ಪೂರ್ವಜರು ಡೈನೋಸಾರ್‌ಗಳಲ್ಲ, ಮೋಸಸಾರ್‌ಗಳೆಂಬ ಸಮುದ್ರ ಸರೀಸೃಪಗಳು. ಸಂತಾನೋತ್ಪತ್ತಿಯ ಹೊರೆಯನ್ನು ಯಾರು ಹೊರುತ್ತಾರೋ ಅವರನ್ನು ರಕ್ಷಣೆಯ ಹೆಸರಿನಲ್ಲಿ ಬಂಧಿಸಿಡುವ ತರ್ಕವನ್ನು ಆ ಕೃತಿ ಸ್ಪಷ್ಟವಾಗಿ ಕಾಣಿಸುತ್ತದೆ, ಅದು ಅದರ ಶಕ್ತಿ.

ಆದರೆ ಅದರ ನಂತರ ಬರೆಯುವವರು ಅದೇ ತಿರುಗುಮುರುಗನ್ನು ಮತ್ತೊಮ್ಮೆ ಮಾಡುವುದರಿಂದ ಹೆಚ್ಚೇನೂ ಸಿಗುವುದಿಲ್ಲ. ಆಳುವವರ ಲಿಂಗವನ್ನಷ್ಟೇ ಬದಲಿಸಿ ಉಳಿದೆಲ್ಲ ವ್ಯವಸ್ಥೆಯನ್ನು ಹಾಗೆಯೇ ಇಟ್ಟರೆ, ಓದುಗರಿಗೆ ಕಾಣುವುದು ಮನುಷ್ಯಲೋಕದ ಪ್ರತಿಬಿಂಬವೇ. ಇನ್ನೂ ಗಂಭೀರವಾದ ತೊಂದರೆಯೆಂದರೆ, ಆಳುವ ಹೆಣ್ಣನ್ನು ತಣ್ಣನೆಯ ರಕ್ತದ, ಮಮತೆಯಿಲ್ಲದ, ಮೊಟ್ಟೆಯಿಡುವ ರಾಕ್ಷಸಿಯಾಗಿ ಚಿತ್ರಿಸುವ ರೂಢಿ. ಅಲ್ಲಿ ಓದುಗರಲ್ಲಿ ಹುಟ್ಟುವ ಭಯ ಡೈನೋಸಾರ್‌ನದಲ್ಲ, ಅಧಿಕಾರದಲ್ಲಿರುವ ಹೆಣ್ಣಿನದು. ಬರೆಯುವವರು ಇದನ್ನು ತಿಳಿದು ಬರೆಯಬೇಕು.

ತಂದೆ ಕಾವು ಕೂರುವುದರಿಂದ ಅಧಿಕಾರ ಯಾರ ಕಡೆಗಾದರೂ ತಾನಾಗಿಯೇ ವಾಲುವುದೂ ಇಲ್ಲ. ಎಮು ಹಕ್ಕಿಯಲ್ಲಿ ಗಂಡು ಸುಮಾರು ಎಂಟು ವಾರ ಬಹುತೇಕ ಉಪವಾಸದಲ್ಲಿ ಕಾವು ಕೂತು, ಆಮೇಲೆ ತಿಂಗಳುಗಟ್ಟಲೆ ಮರಿಗಳನ್ನು ನಡೆಸಿಕೊಂಡು ತಿರುಗುತ್ತದೆ. ಜಕಾನ ಹಕ್ಕಿಗಳಲ್ಲಿ ದೊಡ್ಡ ಗಾತ್ರದ ಹೆಣ್ಣು ತನ್ನ ವ್ಯಾಪ್ತಿಯನ್ನು ಕಾದುಕೊಂಡು ಹಲವು ಗಂಡುಗಳಿಗೆ ಮೊಟ್ಟೆ ಕೊಡುತ್ತದೆ. ರಿಯಾ ಹಕ್ಕಿಯಲ್ಲಿ ಗಂಡೇ ಹಲವು ಹೆಣ್ಣುಗಳನ್ನು ಕೂಡಿ, ಅವುಗಳೆಲ್ಲದರ ಮೊಟ್ಟೆಗಳನ್ನು ಒಂದೇ ಗೂಡಿನಲ್ಲಿ ಇಟ್ಟುಕೊಂಡು ಕಾವು ಕೊಡುತ್ತದೆ. ಉಷ್ಟ್ರಪಕ್ಷಿಯಲ್ಲಿ ಹಗಲು ಹೆಚ್ಚಾಗಿ ಹೆಣ್ಣಿನ ಪಾಳಿ, ರಾತ್ರಿ ಗಂಡಿನದು. ತಂದೆಯ ಪಾಲನೆ ಈ ನಾಲ್ಕರಲ್ಲೂ ಇದೆ, ಆದರೆ ಹೆಣ್ಣು–ಗಂಡಿನ ನಡುವಣ ಸಂಬಂಧ ನಾಲ್ಕು ಬಗೆ. ರಿಯಾ ಮಾದರಿಯ ಸಮಾಜದಲ್ಲಿ ಗೂಡು ಗಂಡಿನ ಆಸ್ತಿಯೂ ಪ್ರತಿಷ್ಠೆಯೂ ಆಗಬಹುದು, ಜಕಾನ ಮಾದರಿಯಲ್ಲಿ ಅದೇ ಗೂಡು ಅವನ ಅಧೀನತೆಯ ಗುರುತಾಗಬಹುದು.

ಹೆಣ್ಣು ಮತ್ತು ಗಂಡು ನೋಡಲು ಬೇರೆ ಬೇರೆಯಾಗಿರಲೇಬೇಕೇ?

ಬೇಕಿಲ್ಲ. ಡೈನೋಸಾರ್‌ಗಳ ಅಸ್ಥಿಪಂಜರಗಳಲ್ಲಿ ಲಿಂಗಭೇದವಿದೆಯೆಂಬ ಹಳೆಯ ವಾದಗಳನ್ನು 2017ರಲ್ಲಿ ಸಂಖ್ಯಾಶಾಸ್ತ್ರದ ಮೂಲಕ ಮರುಪರಿಶೀಲಿಸಿದಾಗ ಗಟ್ಟಿಯಾದ ಆಧಾರ ಸಿಗಲಿಲ್ಲ. ಬಣ್ಣ, ಗರಿ, ದನಿಗಳಲ್ಲಿ ವ್ಯತ್ಯಾಸವಿದ್ದಿರಬಹುದು. ಹದ್ದು, ಗಿಡುಗಗಳಲ್ಲಿ ಹೆಣ್ಣೇ ದೊಡ್ಡದು, ಹಲವು ಕಾಗೆ ಜಾತಿಗಳಲ್ಲಿ ನೋಡಿ ಹೇಳಲಾಗುವಷ್ಟು ವ್ಯತ್ಯಾಸವೇ ಇಲ್ಲ. ನೋಡಿದರೆ ತಿಳಿಯದ ಸಮಾಜದಲ್ಲಿ ಲಿಂಗವು ಹೇಳಿಕೊಂಡರೆ ಮಾತ್ರ ಗೊತ್ತಾಗುವ ಸಂಗತಿಯಾಗುತ್ತದೆ, ಹೇಳಿಕೊಳ್ಳಬೇಕೇ ಬೇಡವೇ ಎಂಬ ಶಿಷ್ಟಾಚಾರವೂ ಅದರ ಜೊತೆಗೇ ಹುಟ್ಟುತ್ತದೆ.

ಮೊಟ್ಟೆಯ ಶಾಖದಿಂದ ಮರಿಯ ಲಿಂಗ ನಿರ್ಧಾರವಾಗುತ್ತದೆ ಎಂದು ಬರೆಯಬಹುದೇ?

ಬರೆಯಬಹುದು. ಹಕ್ಕಿಗಳಲ್ಲಿ ಲಿಂಗವನ್ನು ವರ್ಣತಂತುಗಳು ನಿರ್ಧರಿಸುತ್ತವೆ, ಮತ್ತು ಮನುಷ್ಯರಲ್ಲಿದ್ದಂತಲ್ಲದೆ ಅಲ್ಲಿ ಎರಡು ಬೇರೆ ಬಗೆಯ ತಂತುಗಳನ್ನು ಹೊತ್ತಿರುವುದು ತಾಯಿ. ಮೊಸಳೆಗಳಲ್ಲಿ ಲಿಂಗದ ವರ್ಣತಂತುಗಳೇ ಇಲ್ಲ, ಗೂಡಿನ ಉಷ್ಣತೆ ಆ ಕೆಲಸ ಮಾಡುತ್ತದೆ. ಅಮೆರಿಕದ ಅಲಿಗೇಟರ್‌ನಲ್ಲಿ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹೆಣ್ಣುಮರಿಗಳೂ 33 ಡಿಗ್ರಿಯ ಆಸುಪಾಸಿನಲ್ಲಿ ಗಂಡುಮರಿಗಳೂ ಹೆಚ್ಚಾಗಿ ಹುಟ್ಟುತ್ತವೆ. ಡೈನೋಸಾರ್‌ಗಳು ಈ ಎರಡೂ ಬಂಧುಗಳ ನಡುವೆ ನಿಂತಿರುವುದರಿಂದ ಕಥೆಗಾರರಿಗೆ ಎರಡೂ ದಾರಿ ತೆರೆದಿವೆ.

ಶಾಖದ ದಾರಿಯನ್ನು ಹಿಡಿದರೆ ಅದರ ಪರಿಣಾಮಗಳನ್ನು ಪೂರ್ತಿಯಾಗಿ ಎದುರಿಸಬೇಕು. ಮೂರು ಡಿಗ್ರಿಗಳ ಅಂತರದಲ್ಲಿ ಒಂದು ತಲೆಮಾರಿನ ಲಿಂಗಾನುಪಾತ ಬದಲಾಗುವ ಲೋಕದಲ್ಲಿ, ಬೆಂಕಿಯನ್ನು ಪಳಗಿಸಿದ ಮರುದಿನದಿಂದಲೇ ಲಿಂಗದ ಆಯ್ಕೆ ಸಾಧ್ಯವಾಗುತ್ತದೆ. ಮೊಟ್ಟೆಮನೆಯನ್ನು ನಡೆಸುವವರು ಸೇನಾಪತಿಗಿಂತ, ಪುರೋಹಿತರಿಗಿಂತ ಹೆಚ್ಚಿನ ಅಧಿಕಾರ ಪಡೆಯಬಹುದು. ಗಂಡುಮರಿಗಳೇ ಬೇಕೆಂದು, ಅಥವಾ ಹೆಣ್ಣುಮರಿಗಳೇ ಬೇಕೆಂದು, ಒಂದು ರಾಜ್ಯ ಶಾಸನ ಮಾಡಬಹುದು. ಬಡವರ ಗೂಡು ಮಳೆಗೂ ಚಳಿಗೂ ಒಡ್ಡಿಕೊಂಡಿರುವಾಗ ಶ್ರೀಮಂತರ ಗೂಡು ನಿಯಂತ್ರಿತ ಶಾಖದಲ್ಲಿರುತ್ತದೆ, ಹೀಗಾಗಿ ವರ್ಗಭೇದವೂ ಲಿಂಗಾನುಪಾತದಲ್ಲಿ ಅಚ್ಚಾಗುತ್ತದೆ. ದೀರ್ಘ ಶೀತಕಾಲವೊಂದು ಬಂದು ಹೋದ ಮೇಲೆ ಇಡೀ ಪ್ರಾಂತ್ಯದಲ್ಲಿ ಒಂದು ಲಿಂಗದವರೇ ಉಳಿದರೆ, ಅದುವರೆಗೆ ಇನ್ನೊಂದು ಲಿಂಗಕ್ಕೆ ಮೀಸಲಾಗಿದ್ದ ಕಸುಬುಗಳನ್ನು ಯಾರು ಕಲಿಯುತ್ತಾರೆ, ಹವಾಮಾನ ಸರಿಹೋದ ಮೇಲೆ ಅವನ್ನು ಹಿಂದಿರುಗಿಸುತ್ತಾರೆಯೇ? ಪರ್ಯಾಯ ಇತಿಹಾಸಕ್ಕೆ ಬೇಕಾದ ತಿರುವುಗಳು ಇಲ್ಲಿಯೇ ಇವೆ, ಇನ್ನೊಂದು ಯುದ್ಧವನ್ನು ಕಲ್ಪಿಸಬೇಕಾಗಿಲ್ಲ. ಹುಟ್ಟುವ ಮೊದಲೇ ಮರಿಯ ಲಿಂಗವನ್ನು ಆರಿಸುವುದು ನಮ್ಮ ಲೋಕದಲ್ಲಿ ನಿಜವಾದ ಅನ್ಯಾಯಕ್ಕೆ ಕಾರಣವಾಗಿರುವುದರಿಂದ, ಈ ವಸ್ತುವನ್ನು ಬರಿಯ ತಂತ್ರಜ್ಞಾನದ ಕುತೂಹಲವಾಗಿ ಬಳಸದೆ, ಅದರಿಂದ ಯಾರು ಇಲ್ಲವಾದರು ಎಂಬುದನ್ನೂ ಹೇಳುವುದು ಅಗತ್ಯ.

ಎರಡೇ ಪಾತ್ರಗಳು, ಒಂದು ಹೆಣ್ಣು–ಒಂದು ಗಂಡಿನ ಜೋಡಿ, ಇಷ್ಟಕ್ಕೇ ಸೀಮಿತವಾಗಬೇಕೇ?

ಹಕ್ಕಿಗಳೇ ಸೀಮಿತವಾಗಿಲ್ಲ. ರಫ್ ಎಂಬ ಜೌಗು ಹಕ್ಕಿಯಲ್ಲಿ ಗಂಡುಗಳು ಹುಟ್ಟಿನಿಂದಲೇ ಮೂರು ಬಗೆ: ಜಾಗಕ್ಕಾಗಿ ಕಾದಾಡುವವು, ಅವುಗಳ ಪಕ್ಕದಲ್ಲಿ ಹೊಂದಿಕೊಂಡು ನಿಲ್ಲುವವು, ಹೆಣ್ಣಿನ ರೂಪದಲ್ಲೇ ಇರುವವು. ಹವಾಯಿಯ ಓಅಹು ದ್ವೀಪದ ಲೇಸನ್ ಆಲ್ಬಟ್ರಾಸ್ ನೆಲೆಯೊಂದರಲ್ಲಿ 31 ಶೇಕಡಾ ಜೋಡಿಗಳು ಹೆಣ್ಣು–ಹೆಣ್ಣಿನವೆಂದು 2008ರಲ್ಲಿ ವರದಿಯಾಯಿತು, ಅವು ಮರಿಗಳನ್ನೂ ಬೆಳೆಸುತ್ತಿದ್ದವು. ಫ್ಲಾರಿಡಾದ ಸ್ಕ್ರಬ್ ಜೇ ಹಕ್ಕಿಗಳಲ್ಲಿ ದೊಡ್ಡವಾದ ಮರಿಗಳು ತಂದೆತಾಯಿಯ ನೆಲೆಯಲ್ಲೇ ಉಳಿದು ತಮ್ಮ ಒಡಹುಟ್ಟುಗಳನ್ನು ಸಾಕಲು ನೆರವಾಗುತ್ತವೆ. ಬುದ್ಧಿವಂತ ಡೈನೋಸಾರ್‌ಗಳ ಸಮಾಜದಲ್ಲಿ ಕಾವು ಕೂರುವವರು, ಇಡುವವರು, ಕಲಿಸುವವರು ಎಂಬ ವಿಭಾಗಗಳು ಹೆಣ್ಣು–ಗಂಡು ಎಂಬ ವಿಭಾಗಕ್ಕಿಂತ ಮುಖ್ಯವಾಗಿರಲು ಸಾಧ್ಯ. ಆಗ ಒಬ್ಬ ವ್ಯಕ್ತಿ ಬದುಕಿನ ಬೇರೆ ಬೇರೆ ಘಟ್ಟಗಳಲ್ಲಿ ಬೇರೆ ಬೇರೆ ಪಾತ್ರ ವಹಿಸಬಹುದು.

ಇಷ್ಟೆಲ್ಲ ಹೇಳಿದರೆ ಜೀವಶಾಸ್ತ್ರವೇ ಸಮಾಜವನ್ನು ನಿರ್ಧರಿಸುತ್ತದೆ ಎಂದಂತಾಗುವುದಿಲ್ಲವೇ?

ಈ ಆಕ್ಷೇಪ ನ್ಯಾಯವಾದದ್ದು. ಮನುಷ್ಯರ ದೇಹ ಎಲ್ಲೆಡೆ ಒಂದೇ, ಆದರೆ ಹೆಣ್ಣು–ಗಂಡಿನ ಪಾತ್ರಗಳು ಕಾಲದಿಂದ ಕಾಲಕ್ಕೆ, ಸಮಾಜದಿಂದ ಸಮಾಜಕ್ಕೆ ಬದಲಾಗಿವೆ. ಡೈನೋಸಾರ್‌ಗಳಿಗೂ ಇದೇ ಮಾತು ಅನ್ವಯಿಸಬೇಕು. ಒಂದೇ ಜಾತಿಯ ಎರಡು ನಾಗರಿಕತೆಗಳು ಒಂದೇ ಬಗೆಯ ಮೊಟ್ಟೆಯಿಂದ ಹೊರಟು ಎರಡು ತೀರಾ ಭಿನ್ನ ಕುಟುಂಬಪದ್ಧತಿಗಳನ್ನು ಕಟ್ಟಿಕೊಂಡಿವೆ ಎಂದು ತೋರಿಸಿದರೆ, ದೇಹ ಏನನ್ನು ಸಾಧ್ಯವಾಗಿಸುತ್ತದೆ ಮತ್ತು ಜನ ಏನನ್ನು ಆರಿಸುತ್ತಾರೆ ಎಂಬ ಅಂತರ ಕಥೆಯಲ್ಲೇ ಕಾಣುತ್ತದೆ. ಕಾವು ಗಂಡಿನ ಸಹಜ ಧರ್ಮವೆಂದು ಸಾರುವ ಪಂಡಿತರು ಆ ಲೋಕದಲ್ಲೂ ಇರಲಿ, ಅವರ ಮಾತನ್ನು ಒಪ್ಪದ ತಂದೆಯರೂ ಇರಲಿ. ಭಿನ್ನಮತವೇ ಇಲ್ಲದ ಸಮಾಜವನ್ನು ಬರೆದಾಗ ಅವರು ಪ್ರಾಣಿಗಳಾಗಿಯೇ ಉಳಿದುಬಿಡುತ್ತಾರೆ.

ಡೈನೋಸಾರ್ ಹೆಂಗಸಿಗೆ ಮನುಷ್ಯ ಹೆಂಗಸಿನ ಮೈಕಟ್ಟು ಕೊಡುವುದರಲ್ಲಿ ತಪ್ಪೇನಿದೆ?

ಮೊಲೆಯಿರುವ ಡೈನೋಸಾರ್ ಯಾವ ತರ್ಕಕ್ಕೂ ನಿಲ್ಲುವುದಿಲ್ಲ. 1982ರಲ್ಲಿ ಕೆನಡಾದ ಡೇಲ್ ರಸೆಲ್ ಮತ್ತು ರಾನ್ ಸೆಗಾನ್ ಅವರು ಟ್ರೂಡಾನ್ ಬಳಗದ ಪ್ರಾಣಿಯೊಂದು ಬುದ್ಧಿವಂತವಾಗಿ ವಿಕಾಸಗೊಂಡಿದ್ದರೆ ಹೇಗಿರುತ್ತಿತ್ತೆಂದು ಮಾದರಿ ನಿರ್ಮಿಸಿದಾಗ, ಅದಕ್ಕೆ ನೇರ ನಿಲುವನ್ನೂ ಹೊಕ್ಕುಳನ್ನೂ ಕೊಟ್ಟರು, ಮೊಲೆಗಳನ್ನು ಕೊಡಲಿಲ್ಲ. ಅದು ಮರಿಗಳಿಗೆ ಹಕ್ಕಿಗಳಂತೆ ಆಹಾರವನ್ನು ಕಕ್ಕಿ ಉಣಿಸುತ್ತಿತ್ತು ಎಂಬುದು ಅವರ ಊಹೆ. ಆ ಮಾದರಿ ಅತಿಯಾಗಿ ಮನುಷ್ಯನಂತಿದೆ ಎಂಬ ಟೀಕೆ ಇಂದಿಗೂ ಇದೆ, ಅದು ಸರಿಯಾದ ಟೀಕೆಯೇ. ಆಕರ್ಷಣೆಯನ್ನು ಗರಿ, ಕುಣಿತ, ದನಿ, ಗೂಡು ಕಟ್ಟುವ ಕೌಶಲಗಳ ಮೂಲಕ ತೋರಿಸಲು ಅವಕಾಶವಿರುವಾಗ ಮನುಷ್ಯ ದೇಹದ ಮೊರೆ ಹೋಗಬೇಕಾಗಿಲ್ಲ.

ಕನ್ನಡದಲ್ಲಿ ಬರೆಯುವಾಗ ಇವರನ್ನು ಅವನು, ಅವಳು ಎನ್ನಬೇಕೇ, ಅದು ಎನ್ನಬೇಕೇ?

ಕನ್ನಡದ ಲಿಂಗವ್ಯವಸ್ಥೆ ಮನುಷ್ಯರನ್ನೂ ದೇವತೆಗಳನ್ನೂ ಒಂದೆಡೆ, ಪ್ರಾಣಿಗಳನ್ನೂ ವಸ್ತುಗಳನ್ನೂ ಇನ್ನೊಂದೆಡೆ ಇಡುತ್ತದೆ, ಕ್ರಿಯಾಪದವೂ ಅದನ್ನೇ ಅನುಸರಿಸುತ್ತದೆ. ಹಾಗಾಗಿ ಕನ್ನಡದ ಕಥೆಗಾರರು ಮೊದಲ ವಾಕ್ಯದಲ್ಲೇ ಈ ಜೀವಿಗಳು ವ್ಯಕ್ತಿಗಳೋ ಪ್ರಾಣಿಗಳೋ ಎಂದು ತೀರ್ಮಾನಿಸಬೇಕಾಗುತ್ತದೆ. ಪಾತ್ರಗಳು ತಮ್ಮ ಬಗ್ಗೆ ತಾವೇ ಹೇಳುವಾಗ ಅವನು, ಅವಳು ಬಳಸುವುದು ಸಹಜ, ಅವರನ್ನು ಕೀಳಾಗಿ ಕಾಣುವ ಪಾತ್ರದ ಬಾಯಲ್ಲಿ ಅದು ಎಂಬ ಮಾತು ಬಂದರೆ ಅಷ್ಟರಿಂದಲೇ ದ್ವೇಷ ತಿಳಿಯುತ್ತದೆ. ಲಿಂಗವನ್ನು ಮುಚ್ಚಿಡುವ ‘ಅವರು’ ಇಲ್ಲಿ ಅಮೂಲ್ಯವಾದ ಸಾಧನ. ಮೊಟ್ಟೆಮನೆಯ ಮುಖ್ಯಸ್ಥರನ್ನು ಹಲವು ಪುಟಗಳವರೆಗೆ ‘ಅವರು’ ಎಂದೇ ಕರೆದು, ಓದುಗರು ಮನಸ್ಸಿನಲ್ಲೇ ಒಂದು ಲಿಂಗವನ್ನು ಊಹಿಸಿಕೊಂಡ ಮೇಲೆ ನಿಜವನ್ನು ತಿಳಿಸಬಹುದು.

ಕಥೆಯಲ್ಲಿ ಮನುಷ್ಯರೂ ಇರಬೇಕೇ?

ಅಗತ್ಯವಿಲ್ಲ. ಡೈನೋಸಾರ್‌ಗಳು ಉಳಿದಿದ್ದರೆ ಸಸ್ತನಿಗಳ ವಿಕಾಸ ಈಗಿನಂತೆಯೇ ನಡೆದು ಮನುಷ್ಯರು ಹುಟ್ಟುತ್ತಿದ್ದರೆಂಬುದು ತೀರಾ ಅಸಂಭವ. ಮನುಷ್ಯರನ್ನು ತಂದರೆ ಎರಡು ಪದ್ಧತಿಗಳ ಹೋಲಿಕೆ ಸುಲಭವಾಗುತ್ತದೆ, ಆದರೆ ಮನುಷ್ಯರ ಪದ್ಧತಿಯೇ ಅಳತೆಗೋಲಾಗಿ ಬಿಡುವ ಅಪಾಯವೂ ಇದೆ.

ಇಂಥ ವ್ಯವಸ್ಥೆಯನ್ನು ಓದುಗರಿಗೆ ಉಪನ್ಯಾಸವಿಲ್ಲದೆ ಹೇಗೆ ತಿಳಿಸುವುದು?

ಆಸ್ತಿ, ಬೈಗುಳ, ವೇತನ ಮತ್ತು ನ್ಯಾಯತೀರ್ಮಾನಗಳ ಮೂಲಕ. ತಾಯಿಯ ಗುರುತು ಖಚಿತವಾಗಿದ್ದು ತಂದೆಯ ಗುರುತು ಸಂದೇಹದಲ್ಲಿರುವುದು ಮನುಷ್ಯರ ಉತ್ತರಾಧಿಕಾರ ಕಾನೂನುಗಳ ಹಿಂದಿರುವ ಹಳೆಯ ಆತಂಕ. ಹಲವು ಹೆಣ್ಣುಗಳು ಒಂದೇ ಗೂಡಿನಲ್ಲಿ ಮೊಟ್ಟೆಯಿಡುವ ಸಮಾಜದಲ್ಲಿ ತಾಯಿಯ ಗುರುತೂ ಸಂದೇಹಕ್ಕೊಳಗಾಗುತ್ತದೆ, ಆಗ ಯಾರ ಹೆಸರು ಮರಿಗೆ ಬರುತ್ತದೆ ಎಂಬ ಒಂದು ವ್ಯಾಜ್ಯ ಸಾಕು, ಓದುಗರಿಗೆ ಅರ್ಧ ಸಮಾಜ ಅರ್ಥವಾಗುತ್ತದೆ. ಆ ವ್ಯಾಜ್ಯದಲ್ಲಿ ಮೊಟ್ಟೆಯಿಟ್ಟವಳು ಒಂದು ಕಡೆ, ಮೂರು ತಿಂಗಳು ಕಾವು ಕೂತವನು ಇನ್ನೊಂದು ಕಡೆ, ಐದು ವರ್ಷ ಮಾತು ಕಲಿಸಿದ ನೆರೆಯವರು ಮತ್ತೊಂದು ಕಡೆ ನಿಲ್ಲಲಿ. ತೀರ್ಪನ್ನು ಯಾರ ಪರವಾಗಿ ಬರೆಯುವಿರೋ ಅದು ನಿಮ್ಮ ಲೋಕದ ಕಾನೂನಾಗುತ್ತದೆ, ಸೋತ ಇಬ್ಬರ ಮುಂದಿನ ನಡೆ ಕಾದಂಬರಿಯಾಗುತ್ತದೆ.